ರೈಟ್, ಪೋಯಿ

ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು
ಹನ್ನೊಂದು ವರ್ಷ ಫುಟ್‌ಬೋರ್ಡಿನಲ್ಲಿ ನೇತಾಡಿದ ಕೈ.
ಈಗ ಒಳಗೊಂದು ಪ್ಲೇಟು, ಆರು ಸ್ಕ್ರೂ.

ಒಂಬತ್ತನೇ ದಿನ ಬಾತಿತು.
ವಾಚಿನ ಬೆಲ್ಟು ಕೊನೆಯ ತೂತಿಗೂ ಸಿಗಲಿಲ್ಲ;
ಉಗುರ ಬುಡಕ್ಕೆ ನೇರಳೆ ತಿಂದ ನಾಲಿಗೆಯ ಬಣ್ಣ.

ಕಂಕನಾಡಿಯಲ್ಲಿ ತಣ್ಣನೆಯ ಅಂಟು ಸವರಿ
ಪರದೆ ತೋರಿಸಿದರು ಡಾಕ್ಟರು:
‘ಇಲ್ಲಿ, ಕಂಕುಳ ಹತ್ತಿರ, ರಕ್ತ ಹೆಪ್ಪುಗಟ್ಟಿದೆ.
ಕಾಲಿಗಷ್ಟೇ ಅಲ್ಲ, ಕೈಗೂ ಆಗುತ್ತದೆ.’

‘ಬ್ಲಾಕು,’ ಎಂದೆ. ‘ಪಂಪ್‌ವೆಲ್, ಸಂಜೆ ಆರೂವರೆ.’
ನಕ್ಕರು. ಡ್ರೈವರ್ ಲ್ಯಾನ್ಸಿ ನಗಲಿಲ್ಲ —
ಅವನ ಬ್ರೇಕಿಗೇ ನಾನು ಬಿದ್ದದ್ದು.

ದಿನಕ್ಕೆರಡು ಸೂಜಿ, ಹೊಟ್ಟೆಗೆ.
ಚುಚ್ಚಿದಲ್ಲೆಲ್ಲ ನಾಕಾಣೆಯಗಲ ನೀಲಿ;
ಎಣಿಸುತ್ತೇನೆ, ಚಿಲ್ಲರೆ.

ರಾತ್ರಿ, ಎರಡು ದಿಂಬಿನ ಮೇಲೆ ಕೈ.
ಬಾಗಿಲ ತಗಡಿಗೆ ಬಡಿದಂತೆ
ಎಡಗೈಯಲ್ಲಿ ಮೆಲ್ಲಗೆ
ಮಂಚ ಬಡಿಯುತ್ತೇನೆ, ಎರಡು ಸಲ:
ಪೋಯಿ...

ಒಳಗೆ ಯಾರೋ ಇನ್ನೂ ಇಳಿಯುತ್ತಿದ್ದಾರೆ.