ಗುಂಡಿನ ಗುರುತು

ಹೊಸೂರು, ಸಿಪ್ಕಾಟ್ ಎರಡನೇ ಹಂತ. ರಾತ್ರಿ ಪಾಳಿ.
ಇಲ್ಲಿ ಲೆಕ್ಕ ತೆಲುಗಿನಲ್ಲಿ, ಅಪ್ಪಣೆ ತಮಿಳಿನಲ್ಲಿ,
ಕೈ ಸುಟ್ಟಾಗ ಮಾತ್ರ ಕನ್ನಡ.

ಕುಲುಮೆಯೊಳಗೆ ಐನೂರ ನಲವತ್ತು ಡಿಗ್ರಿ.
ಬೈಕಿನ ಚಕ್ರಗಳು ಕೆಂಪಗೂ ಆಗುವುದಿಲ್ಲ,
ಬೆಳ್ಳಗೇ ಕೂತು ಬೇಯುತ್ತವೆ.
ಒಳಗಿದ್ದ ಮೆಗ್ನೀಸಿಯಂ
ಹಾಲಿಗೆ ಬಿದ್ದ ಸಕ್ಕರೆ, ಎಲ್ಲಿ ಹೋಯಿತೋ.
ಆರು ಗಂಟೆಗೆ ಬುಟ್ಟಿ ಇಳಿಸಿ
ನೀರಿಗೆ, ಹತ್ತು ಎಣಿಸುವುದರೊಳಗೆ.

ಸಿದ್ದಾಚಾರಿ ಇದನ್ನು ಇನ್ನೂ ನಂಬಿಲ್ಲ.
ಕೆಲಮಂಗಲದಲ್ಲಿ ಅವನಪ್ಪ ಕುಡುಗೋಲು ಕಾಸಿ
ಬಾನಿಯಲ್ಲಿ ಅದ್ದಿದರೆ ಚುಂಯ್,
ಅಲ್ಲೇ, ಆ ಗಳಿಗೆಗೇ ಬಿಗುವು.
ಇದು ನೀರಿನಿಂದ ಎದ್ದರೆ ಮೆತ್ತಗೆ.
"ಇದ್ಯಾವ ಲೋಹನಮ್ಮ, ನೆಂದ ಅವಲಕ್ಕಿ!"
ಅನ್ನುತ್ತಲೇ ಮರದ ಕೊಡತಿ ಎತ್ತಿ
ಸೊಟ್ಟಗಾದ ಅಂಚನ್ನು ತಟ್ಟಿ ತಟ್ಟಿ ನೇರ ಮಾಡುತ್ತಾನೆ.
ಮಾಡುವುದಿದ್ದರೆ ಈಗಲೇ. ನಾಳೆ ತಟ್ಟಿದರೆ ಬಿರುಕು.

ಆಮೇಲೆ ಇನ್ನೊಂದು ಕುಲುಮೆ, ನೂರಾ ಐವತ್ತೈದು,
ಹೋಳಿಗೆ ಹಂಚಿನ ಬಿಸಿ. ನಾಲ್ಕು ಗಂಟೆ
ಯಾರೂ ಹೊಡೆಯುವುದಿಲ್ಲ, ಮುಟ್ಟುವುದಿಲ್ಲ.
ಕರಗಿದ್ದು ತನ್ನಷ್ಟಕ್ಕೆ ಕೂಡಿಕೊಂಡು
ಕಣ್ಣಿಗೆ ಕಾಣದ ಕಾಳಾಗಿ
ಪದರ ಪದರ ಜಾರದಂತೆ ಅಡ್ಡ ನಿಲ್ಲುತ್ತದೆ.

ನನ್ನದು ಕೊನೆಯ ಕೆಲಸ.
ಹತ್ತು ಮಿಲಿಯ ಗುಂಡು, ಐನೂರು ಕೆಜಿ ಭಾರ,
ಒತ್ತಿ ಹಿಡಿದು, ಪದೈದು ಎಣಿಸಿ, ಎತ್ತಿ
ಭೂತಗನ್ನಡಿಯಲ್ಲಿ ಕುಳಿಯ ಅಗಲ ಅಳೆಯುವುದು.
ಮೆತ್ತಗಿದ್ದಾಗ ಮೂರು ಪಾಯಿಂಟ್ ಎರಡು,
ಹದ ಬಂದ ಮೇಲೆ ಎರಡು ಪಾಯಿಂಟ್ ಏಳು.
ಗಟ್ಟಿಯಾದಷ್ಟೂ ಗುರುತು ಚಿಕ್ಕದು.

ಹೋದ ಗುರುವಾರ
ಜೂಜುವಾಡಿಯ ಹತ್ತಿರ ಲಾರಿ ಮಗುಚಿ
ಬೆಳಗಿನ ಪಾಳಿ ಬರಲೇ ಇಲ್ಲ.
ಮಾಪಕದ ತಂತಿ ಸಡಿಲಾಗಿದ್ದು ಯಾರಿಗೂ ಗೊತ್ತಿಲ್ಲ;
ಹೊರಗೆ ನೂರಾ ಐವತ್ತೈದು ತೋರಿಸುತ್ತ
ಒಳಗೆ ಇನ್ನೂರ ಮೂವತ್ತು, ಎಷ್ಟು ಹೊತ್ತಿನಿಂದಲೋ.

ತೆಗೆದರೆ ಅದೇ ಹೊಳಪು, ಅದೇ ತೂಕ,
ಬೆರಳಿನಿಂದ ಮೀಟಿದರೆ ಅದೇ ದನಿ.
ಗುಂಡು ಇಳಿಸಿದೆ: ಎರಡು ಪಾಯಿಂಟ್ ಒಂಬತ್ತು.
ಇನ್ನೊಂದು ಚಕ್ರ. ಒಂಬತ್ತು.
ಕಾಳುಗಳು ಕೊಬ್ಬಿ, ಒಂದನ್ನೊಂದು ನುಂಗಿ,
ದೂರ ದೂರ ಉಳಿದು, ನಡುವೆ
ದಾರಿ ಬಿಟ್ಟುಕೊಟ್ಟಿದ್ದವು.

"ಹೋಯ್ತಾ?" ಅಂದ ಸಿದ್ದಾಚಾರಿ,
ಸತ್ತವರ ಮನೆಯಲ್ಲಿ ಕೇಳುವ ದನಿಯಲ್ಲಿ.
"ಹೋಗಿಲ್ಲ. ಮತ್ತೆ ಐನೂರ ನಲವತ್ತು,
ಮತ್ತೆ ನೀರು. ಮೊದಲಿಂದ."
"ಹಂಗಾದ್ರೆ ಎಲ್ಲಾ ಮರೆತುಬಿಡ್ತದಾ ಇದು?"

ನಾನು ರಿಜಿಸ್ಟರಿನಲ್ಲಿ ಎಪ್ಪತ್ತನಾಲ್ಕು ಎಂದು ಬರೆದು
ಕೆಳಗೆ ಕೆಂಪು ಗೀಟು ಎಳೆದೆ.
ಗುಂಡಿನ ಕುಳಿ ಮಾತ್ರ ಅಲ್ಲೇ ಇತ್ತು.
ಅವನು ಅದರ ಮೇಲೆ ಹೆಬ್ಬೆಟ್ಟು ಆಡಿಸಿ ನೋಡಿ
ಬುಟ್ಟಿಗೆ ಎತ್ತಿ ಹಾಕಿದ.