ಸೆಕೆಂಡ್ ಶೋ ಬಿಟ್ಟ ಮೇಲೆ

ಕುಶಾಲನಗರದಲ್ಲಿ ಸೆಕೆಂಡ್ ಶೋ ಬಿಟ್ಟಾಗ ಹನ್ನೆರಡೂವರೆ.
ಅಶ್ರಫನ ಜೀಪಿನಲ್ಲಿ ಐದು ಜನ,
ಜೊತೆಗೆ ಫಿಲೋಮಿನಳ ತುಂಬಿದ ಗ್ಯಾಸ್ ಸಿಲಿಂಡರು,
ಹಿಂದಿನ ಸೀಟಿನ ಕಾಲ ಬುಡದಲ್ಲಿ, ಅಡ್ಡ ಮಲಗಿ.

ಗುಡ್ಡೆಹೊಸೂರು ದಾಟುವ ಮೊದಲೇ ಉತ್ತಯ್ಯ ಶುರು ಮಾಡಿದರು:
ನೂರ ಹನ್ನೊಂದು.
ಎಂಥದ್ದು ನೂರ ಹನ್ನೊಂದು, ಹವಾಲ್ದಾರ್ರೇ?
ಗುಂಡು. ಒಂದೇ ಕೋವಿಯಿಂದ. ನಡುವೆ ಒಮ್ಮೆಯೂ ತುಂಬಿಸಲಿಲ್ಲ ಬಡ್ಡೀಮಗ.
ಕತ್ತಲಲ್ಲಿ ಕೂತು ಎಣಿಸಿದ್ದಾರೆ,
ಶಿಳ್ಳೆ ಹೊಡೆಯುವುದರ ಮಧ್ಯೆ.

ಶಿಳ್ಳೆ ಜೋರಾಗಿ ಹೊಡೆದವರೂ ಅವರೇ.

ಆ ಕಾರು ನಾಲ್ಕು ಪಲ್ಟಿ ಹೊಡೆದು ಎದ್ದು ಓಡಿತಲ್ಲ,
ಅಶ್ರಫ್ ಗೇರು ಬದಲಿಸುತ್ತ ನೊಂದುಕೊಂಡ,
ನನ್ನ ಜೀಪು ಒಂದು ಹೊಂಡಕ್ಕೆ ಇಳಿದರೆ
ಮೂರು ದಿನ ಶೆಡ್ಡಿನಲ್ಲಿ ಮುಲುಗುತ್ತದೆ.

ಫಿಲೋಮಿನ ಸಿದ್ದಾಪುರದ ಆಸ್ಪತ್ರೆಯ ನರ್ಸು.
ಭುಜಕ್ಕೆ ಗುಂಡು ಬಿದ್ದವನು
ಅದೇ ಕೈಯಲ್ಲಿ ಹುಡುಗಿಯನ್ನು ಎತ್ತಿದ್ದಕ್ಕೆ
ಅವಳಿಗೆ ಇನ್ನೂ ಸಿಟ್ಟು.
ಆರು ವಾರ ಜೋಳಿಗೆ ಹಾಕಿಸಬೇಕು ಅವನಿಗೆ,
ಮತ್ತೆ ಆ ಹುಡುಗಿಗೆ ನಡೆಯಲು ಏನು ರೋಗ?

ನಾನು ಹೊಲಿಗೆಯವಳು, ನನ್ನ ಚಿಂತೆ ಬೇರೆ:
ಮೂರು ಮಾಳಿಗೆಯಿಂದ ಹಾರಿದರೂ ಬಿಚ್ಚದ ಆ ಪ್ಯಾಂಟು
ಯಾವ ಊರ ದರ್ಜಿಯದು?
ಸಿಕ್ಕರೆ ಅವನ ಕಾಲು ಹಿಡಿದು
ನೂಲಿನ ನಂಬರು ಕೇಳುತ್ತಿದ್ದೆ.

ಮುತ್ತ ಮಾತಾಡಿರಲಿಲ್ಲ.
ಅರಣ್ಯದವರ ಜೊತೆ ರಾತ್ರಿಯಿಡೀ ಆನೆ ಓಡಿಸುವವನು,
ರಜೆಯ ದಿನವೂ ಕಿಟಕಿಯ ಕಡೆಗೇ ಮುಖ.
ಒತ್ತಾಯ ಮಾಡಿದ ಮೇಲೆ ಹೇಳಿದ:
ಆ ಆನೆ ಸುಳ್ಳು.
ಕಿವಿ ಬೀಸುವಾಗ ಬಾಲ ಸುಮ್ಮನಿತ್ತು.

ಬಾಲ ಯಾರು ನೋಡುತ್ತಾರೆ ಮಾರಾಯ! ಎಲ್ಲರೂ ನಕ್ಕೆವು.

ವಾಲ್ನೂರು ಕಳೆದು, ಇಳಿಜಾರಿನ ತಿರುವು.
ಮುತ್ತ ಅಶ್ರಫನ ಹೆಗಲ ಮೇಲೆ ಕೈ ಇಟ್ಟ, ಅಷ್ಟೇ.
ಎಂಜಿನ್ ಆಫ್. ಲೈಟ್ ಆಫ್.
ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ
ರಸ್ತೆಯಲ್ಲಿ ಇನ್ನೊಂದು ಕತ್ತಲು ನಿಂತದ್ದು ತಿಳಿಯಲಿಲ್ಲ.

ಹಲಸಿನ ಹಣ್ಣು ಬಿರಿಯುವ ಸದ್ದು.
ಹೊಟ್ಟೆಯೊಳಗೆ ಗುಡುಗಿದ ಹಾಗೆ ಇನ್ನೊಂದು ಸದ್ದು.
ಹಿನ್ನೆಲೆ ಸಂಗೀತ ಇಲ್ಲ.

ಆಗ ಸಿಲಿಂಡರು ಉರುಳಲು ಹೊರಟಿತು.

ಸಿನಿಮಾದಲ್ಲಾದರೆ ಅದಕ್ಕೊಂದು ಗುಂಡು ಹೊಡೆದು
ಅರ್ಧ ಬಂದರನ್ನೇ ಹಾರಿಸಿಬಿಟ್ಟಿದ್ದರು.
ಇಲ್ಲಿ ನಾನು ಪಾದ ಅಡ್ಡ ಕೊಟ್ಟೆ.
ಒಂದು ಕಾಲು, ಹವಾಯಿ ಚಪ್ಪಲಿ ಜಾರಿಹೋದ ಬರಿಗಾಲು,
ತಣ್ಣನೆಯ ಕಬ್ಬಿಣ.
ಮೀನಖಂಡ ನಡುಗುತ್ತಿತ್ತು.
ಪಕ್ಕದಲ್ಲಿ ಹವಾಲ್ದಾರರು ಏನನ್ನೂ ಎಣಿಸುತ್ತಿರಲಿಲ್ಲ,
ಅವರ ಉಸಿರು ಮಾತ್ರ ನನ್ನ ಕಿವಿಗೆ ಬೀಳುತ್ತಿತ್ತು.

ಎಷ್ಟು ಹೊತ್ತೋ.
ಹಣ್ಣು ಮುಗಿಸಿ, ಸಿಪ್ಪೆಯನ್ನೂ ಮುಗಿಸಿ,
ತೋಟದ ಗೇಟನ್ನು ಪರದೆ ಸರಿಸಿದ ಹಾಗೆ ಸರಿಸಿ
ರೋಬಸ್ಟಾ ಗಿಡಗಳ ನಡುವೆ ಅದು ಇಳಿದು ಹೋಯಿತು.

ಸಿದ್ದಾಪುರದ ದೀಪ ಕಾಣುವ ತನಕ ಯಾರೂ ಬಾಯಿ ಬಿಡಲಿಲ್ಲ.
ಆಮೇಲೆ ಫಿಲೋಮಿನ, ಗಂಟಲು ಸರಿ ಮಾಡಿಕೊಂಡು:
ಸೆಕೆಂಡ್ ಹಾಫ್ ಸ್ವಲ್ಪ ಎಳೆದ ಹಾಗಾಯಿತು.

ನಕ್ಕು ನಕ್ಕು ಅಶ್ರಫ್ ಜೀಪು ನಿಲ್ಲಿಸಬೇಕಾಯಿತು.

ಮಾರನೆ ದಿನ ಸಂತೆ. ನಾನು ಕುಂಟುತ್ತ ಅಂಗಡಿ ತೆಗೆದೆ.
ಎದುರಿನ ಟೀ ಅಂಗಡಿಯಲ್ಲಿ ಬೆಳಿಗ್ಗೆ ಒಂದೇ ಇದ್ದ ಆನೆ
ಮಧ್ಯಾಹ್ನಕ್ಕೆ ಮರಿಯ ಸಮೇತ ಮೂರಾಗಿತ್ತು.
ಜೀಪು ಹಿಮ್ಮುಖವಾಗಿ ಅರ್ಧ ಮೈಲಿ ಓಡಿತ್ತು.
ಉತ್ತಯ್ಯ ಬಾಗಿಲು ತೆರೆದು ಕೆಳಗೆ ಹಾರಿದ್ದರು, ಬರಿಗೈಯಲ್ಲಿ.
ಸಿಲಿಂಡರಿನ ಸುದ್ದಿಯೇ ಇಲ್ಲ.

ತಿದ್ದೋಣ ಅಂತ ಎದ್ದೆ. ಕೂತೆ.
ಕೇಳಲು ಚೆನ್ನಾಗಿತ್ತು.

ಸಂಜೆ ಮುತ್ತ ಬಂದ, ಕಾಕಿ ಅಂಗಿಗೆ ಗುಂಡಿ ಹೊಲಿಸಲು.
ನೀನಾದರೂ ಹೇಳು, ನಿನ್ನೆಯದು ಹೇಗಿತ್ತು?
ನೂಲು ಕಚ್ಚುವಷ್ಟು ಹೊತ್ತು ಯೋಚಿಸಿದ.

ಬಾಲ ಆಡುತ್ತಿತ್ತು, ಅಂದ.