ಅರ್ಧ ಗ್ರಾಂ

ಮಸ್ಕತ್ತಿನಲ್ಲಿ ಸರಿಯಿದ್ದ ಕಿಲೋ
ಇಲ್ಲಿ ಅರ್ಧ ಗ್ರಾಂ ಕಡಿಮೆ ತೋರಿಸುತ್ತದೆ.
ಕದ್ದವರು ಯಾರೂ ಇಲ್ಲ, ಬೆಟ್ಟವೇ ಹಾಗೆ:
ಎರಡು ಸಾವಿರ ಮೀಟರು ಮೇಲೇರಿದ್ದಕ್ಕೆ
ಭೂಮಿಯ ಹಿಡಿತ ಒಂದೆಳೆ ಸಡಿಲ.
ಅದನ್ನು ತಿದ್ದಲು ವರ್ಷಕ್ಕೊಮ್ಮೆ
ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು
ಖರ್ನಿಗೆ ಬರುತ್ತೇನೆ, ಕುಮಟೆಯವನು,
ತಕ್ಕಡಿಗಳಿಗೆ ಮುದ್ರೆ ಒತ್ತುವವನು.

ಖರ್ನ್ ಅಂದರೆ ಕೊಂಬು.
ಕೆಳಗಿನ ವಾದಿಯಿಂದ ಕತ್ತೆತ್ತಿದರೆ ಗೊತ್ತಾಗುತ್ತದೆ:
ಮಲಗಿದ ಆಡಿನ ತಲೆ, ಎರಡು ಕೋಡು,
ನಡುವಿನ ತಗ್ಗಿನಲ್ಲಿ ಪೇಟೆ.
ಚೆಕ್‌ಪೋಸ್ಟಿನ ಪೊಲೀಸು ಟಯರು ನೋಡಿದ, ಗೇರು ನೋಡಿದ,
ಪೆಟ್ಟಿಗೆ ಎತ್ತಿ ನೋಡಿ, "ಚಿನ್ನವೋ?" ಎಂದ.
"ಅಲ್ಲ, ನ್ಯಾಯ" ಎನ್ನುವಷ್ಟು ಅರಬಿ ನನಗೆ ಬರುತ್ತದೆ,
ಧೈರ್ಯ ಬರುವುದಿಲ್ಲ.
"ಹಿತ್ತಾಳೆ" ಎಂದೆ.

ಇಷ್ಟು ಎತ್ತರದಲ್ಲಿ ಯಾಕೆ ಸಂತೆ?
ನೀರೋ, ಫಲಜಿನಲ್ಲಿ ಬೆರಳು ದಪ್ಪದ ಧಾರೆ.
ನೆರಳೋ, ಗೋಡೆಯದ್ದು, ಅದೂ ಮಧ್ಯಾಹ್ನ ರಜೆ.
ಸುವೈದ್ ಬಿನ್ ಹಿಲಾಲ್ ಗಡ್ಡ ಕೆರೆದುಕೊಂಡು ಹೇಳುತ್ತಾನೆ:
ಮೂರು ಕುಲಗಳ ಗಡಿ ಇಲ್ಲಿ ಒಂದನ್ನೊಂದು ಮೂಸುತ್ತಿದ್ದವು.
ಯಾರದೂ ಅಲ್ಲದ ಜಾಗದಲ್ಲೇ ಅಲ್ಲವೇ
ಎಲ್ಲರೂ ಮಾರಬಹುದು?
ಕಡಲ ಕಡೆಯಿಂದ ಉಪ್ಪು, ಒಣಮೀನು,
ಕತ್ತೆಯ ಬೆನ್ನಲ್ಲಿ ಎರಡು ರಾತ್ರಿ;
ಮರಳಿನ ಕಡೆಯಿಂದ ಉಣ್ಣೆ, ಖರ್ಜೂರ;
ಇಲ್ಲಿಯದೇ ಮೆಟ್ಟಿಲು ಗದ್ದೆಗಳ ದಾಳಿಂಬೆ, ಅಕ್ರೋಟು,
ಹೊಗೆ ವಾಸನೆಯ ಗುಲಾಬಿ ನೀರು.
ಪೇಟೆ ಬಾಗಿಲಲ್ಲಿ ಬಂದೂಕು ನೇತುಹಾಕುವ ಗೂಟ,
ಹನ್ನೊಂದು ಇನ್ನೂ ಉಳಿದಿವೆ.
ಒಂದರಲ್ಲಿ ಯಾರದೋ ಹೆಲ್ಮೆಟ್ಟು.

ಹಳೆಯ ಲೆಕ್ಕವೆಲ್ಲ ಮಣದಲ್ಲಿ. ನನಗೆ ನಗು.
ನನ್ನ ಮುತ್ತಜ್ಜ ಕುಮಟೆ ಬಂದರಿನಲ್ಲಿ
ಹತ್ತಿ ತೂಗಿದ್ದೂ ಮಣದಲ್ಲೇ.
ಅವನ ಮಣ ಹನ್ನೆರಡು ಕಿಲೋ ಚಿಲ್ಲರೆ,
ಸುವೈದನದು ನಾಲ್ಕು.
ಅಲ್ಲಿಂದ ಇಲ್ಲಿಗೋ, ಇಲ್ಲಿಂದ ಅಲ್ಲಿಗೋ,
ಹೆಸರು ಹಡಗು ಹತ್ತಿತು,
ಭಾರ ದಾರಿಯಲ್ಲಿ ಸೋರಿತು.

ಆಮೇಲೆ ಅವನು ಗೋಣಿ ಸರಿಸಿ ತನ್ನ ಮಣ ಎತ್ತಿದ.
ಕಲ್ಲಲ್ಲ. ಕರಿ ಕಬ್ಬಿಣ, ಒಂದು ಮಗ್ಗುಲು ಬಾಗಿದ್ದು.
"ಅಮ್ಮ ನನ್ನನ್ನು ಗುಹೆಯಲ್ಲಿ ಹೆತ್ತ ಚಳಿಗಾಲ
ಇಂಗ್ಲಿಷರ ವಿಮಾನ ಬಂತು. ಅರ್ಧ ಪೇಟೆ ಬಿತ್ತು.
ಬಿದ್ದ ಅರ್ಧದ ಮೇಲೆಯೇ ನೀನು ಗಾಡಿ ನಿಲ್ಲಿಸಿದ್ದೀಯ.
ಇದನ್ನು ಅಪ್ಪ ಗದ್ದೆಯಲ್ಲಿ ಹೆಕ್ಕಿದ,
ಅರ ಹಾಕಿ, ಅರ ಹಾಕಿ, ಮಣಕ್ಕೆ ಇಳಿಸುತ್ತಾ ಬಂದ.
ಕೊನೆಗೆ ಅರ ಮುರಿಯಿತು. ಸಾಕು ಎಂದ."

ಇದಕ್ಕೆ ಯಂತ್ರ ಬೇಡ, ಎರಡು ತಟ್ಟೆಯ ತಕ್ಕಡಿ ಹಿಡಿದೆ.
ಅದು ಎತ್ತರ ಅರಿಯದು:
ಎರಡೂ ಕಡೆ ಸಮವಾಗಿ ಹಗುರ.
ಮುಳ್ಳು ನಿಂತಾಗ ನಾಲ್ಕು ಕಿಲೋ ಮೂವತ್ತೊಂದು ಗ್ರಾಂ.
ಅರುವತ್ತು ವರ್ಷ, ಪ್ರತಿ ಮಣಕ್ಕೆ, ಮೂವತ್ತೊಂದು ಗ್ರಾಂ
ಕೊಂಡವರ ಚೀಲಕ್ಕೆ ಹೋಗಿದೆ.
"ಗೊತ್ತಿತ್ತಾ?" ಎಂದೆ.
"ಅಪ್ಪನಿಗೆ ಗೊತ್ತಿತ್ತು" ಎಂದು ಚಹಾ ಬಗ್ಗಿಸಿದ.

ಕಾನೂನು ಪ್ರಕಾರ ಮುದ್ರೆ ಇಲ್ಲ.
ನಮೂನೆಯಲ್ಲಿ ಷರಾ ಎಂಬ ಕಾಲಂ ಇದೆ;
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತು
ಕೆಳಗಿನ ಸಾಲಿಗೆ ಹೋಯಿತು.
ಎದುರಂಗಡಿಯ ಶಮ್ಸಾ, ತನ್ನ ಯಂತ್ರ ಸರಿಯಾದ ಖುಷಿಗೆ,
ಬೇಡವೆಂದರೂ ಎರಡು ದಾಳಿಂಬೆ ತುರುಕಿದಳು.

ಇಳಿಯುವಾಗ ಏಳನೇ ತಿರುವಿಗೆ ಕಿವಿ ಟಪ್ಪೆಂದಿತು.
ಸುಮ್ಮನೆ ಲೆಕ್ಕ ಹಾಕಿದೆ:
ಅರುವತ್ತೆರಡು ಕಿಲೋದ ನಾನು
ಮೇಲಿದ್ದಷ್ಟು ಹೊತ್ತು ಮೂವತ್ತೊಂದು ಗ್ರಾಂ ಕಡಿಮೆ ಇದ್ದೆ.
ಚೆಕ್‌ಪೋಸ್ಟಿನ ಹೊತ್ತಿಗೆ ಬಹುಪಾಲು ಮರಳಿತ್ತು.

ಅದೇ ಪೊಲೀಸು. ಹಣ್ಣು ಕಂಡು ಕೇಳಿದ,
"ಮೇಲೆ ಕಿಲೋಗೆ ಎಷ್ಟು?"
ಯಾವ ಕಿಲೋ ಎಂದು ಬಾಯಿ ತೆರೆದವನು
ಒಂದು ಹಣ್ಣು ಅವನ ಕೈಗಿಟ್ಟೆ.
ಅವನು ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ,
ಕಂಬ ಮೇಲೆತ್ತಿದ.